ಚಪ್ಪಲಿ ಬಿಟ್ಟು ಇಳೀರಿ ಸಾರ್

ಕೆರೆ ನೀರನ್ನು ಪರೀಕ್ಷೆಗೆ ತರೋದು ನನ್ನ ಕೆಲಸ. ಹೊಸಕೋಟೆ ಕಡೆಯ ಒಂದು ಕೆರೆಗೆ ಹೋದರೆ, ಕೆರೆ ತುಂಬಿತು ಅಂತ ಊರಿನವರು ಬಾಗಿನ ಬಿಡೋಕೆ ಸೇರಿದ್ದರು. ತುಂಬಿದ್ದು ಮಳೆಯಿಂದಲ್ಲ, ಮೇಲಿನ ಲೇಔಟುಗಳ ಚರಂಡಿಯಿಂದ. ದಡದಲ್ಲಿ ಮೊಣಕಾಲುದ್ದ ನೊರೆ. ಉಸಿರು ಸಿಗದೆ ಮೀನುಗಳು ಬಾಯಿ ತೆರೆದುಕೊಂಡು ಮೇಲಕ್ಕೆ ಬರುತ್ತಿದ್ದವು.

ಬಾಟಲಿ ಹಿಡಿದು ಇಳಿಯಹೋದೆ. ಊರಿನ ಯಜಮಾನರೊಬ್ಬರು ಓಡಿಬಂದರು.

"ಸಾರ್, ಚಪ್ಪಲಿ ಬಿಟ್ಟು ಇಳೀರಿ. ಗಂಗಮ್ಮ ಇದಾಳೆ."

"ಯಜಮಾನ್ರೇ, ಇದು ಕಕ್ಕಸಿನ ನೀರು!"

"ಯಾವ ನೀರಾದ್ರೇನು ಸಾರ್, ಕೆರೆಗೆ ಬಂದ್ಮೇಲೆ ಗಂಗಮ್ಮನೇ."

ನನಗೆ ಮೈಯೆಲ್ಲ ಉರಿಯಿತು. ಆದರೆ ಅಷ್ಟೂ ಹೆಂಗಸರು ನನ್ನ ಕಾಲನ್ನೇ ನೋಡುತ್ತಿದ್ದರು. ಚಪ್ಪಲಿ ಬಿಟ್ಟೆ. ಕಪ್ಪು ಕೆಸರಲ್ಲಿ ನಿಂತು ಬಾಟಲಿ ತುಂಬಿಸಿಕೊಂಡೆ. ಪಕ್ಕದಲ್ಲೇ ಪ್ಲಾಸ್ಟಿಕ್ ಮೊರದ ಬಾಗಿನಗಳು ಒಂದೊಂದಾಗಿ ನೊರೆಯೊಳಗೆ ಹೋದವು.

ಮೇಲೆ ಬರುವಷ್ಟರಲ್ಲಿ ಕಾಲಲ್ಲಿ ನವೆ ಶುರುವಾಗಿತ್ತು. ಪೂಜಾರಿ ತೀರ್ಥ ಕೊಡಲು ಬಂದರು. ನಾನು ಕೈ ಚಾಚಲಿಲ್ಲ.

ಯಜಮಾನರು ಹತ್ತಿರ ಬಂದು ಮೆಲ್ಲಗೆ ಹೇಳಿದರು: "ಭಯ ಬೀಳ್ಬೇಡಿ ಸಾರ್, ತಗೊಳ್ಳಿ. ತೀರ್ಥಕ್ಕೆ ಕ್ಯಾನ್ ನೀರು ತರ್ಸಿದೀವಿ."

ಬಾಟಲಿ ಲ್ಯಾಬಿಗೆ ಹೋಗುವ ಮೊದಲೇ ರಿಪೋರ್ಟು ನನ್ನ ಅಂಗೈಗೆ ಬಿತ್ತು.