ಡೈರೆಕ್ಟರ್ ಕ್ರಿಸಾಂತೋನ ಬಡವರು

ಮನಿಲಾದ ಟೊಂಡೊ ಓಣಿಗೆ ಡೈರೆಕ್ಟರ್ ಕ್ರಿಸಾಂತೋ ಕ್ಯಾಮೆರಾ ಹೊತ್ತು ಬಂದನೆಂದರೆ ಬಡತನಕ್ಕೂ ಮೇಕಪ್ಪು ಶುರು. ಕಿಟಕಿಯ ಹೊಸ ಪರದೆ ಇಳಿಸಿ, ಫ್ರಿಜ್ಜಿಗೆ ಗೋಣಿ ಹೊದಿಸಿ, ಮಿಂದು ಬಂದ ಮಕ್ಕಳ ಕೆನ್ನೆಗೆ ಮಸಿ ಬಳಿದ ಮೇಲೆಯೇ ಅವನಿಗೆ ಸಮಾಧಾನ. ಅವನ ಕಿರುಚಿತ್ರಗಳಲ್ಲಿ ಬಡವರು ಹಾಡುವುದಿಲ್ಲ, ಇಸ್ಪೀಟಾಡುವುದಿಲ್ಲ. ಮಳೆಯಿಲ್ಲದಿದ್ದರೂ ಸೂರು ಮಾತ್ರ ತಪ್ಪದೆ ಸೋರುತ್ತದೆ. ಯಾರಾದರೂ ಹಲ್ಲು ಬಿಟ್ಟರೆ "ಕಟ್! ವಾಸ್ತವ ಬೇಕು, ವಾಸ್ತವ!" ಎಂದು ಅರಚುತ್ತಾನೆ. "ಹಾಗಾದ್ರೆ ನಾವ್ಯಾರಪ್ಪ, ದೆವ್ವಗಳಾ?" ಎಂದು ತಾಯಿಯ ಪಾತ್ರಕ್ಕೆ ಕಾಯಂ ಆಗಿರುವ, ಮೀನು ಮಾರುವ ಪುರಿಂಗ್ ಕೇಳಿದರೂ ಅವನಿಗೆ ಕೇಳಿಸದು. ಮೊನ್ನೆ, ತನ್ನ ಪಾಲಿನ ಅನ್ನವನ್ನು ಮಕ್ಕಳಿಗೆ ಬಡಿಸಿ ತಾಯಿ "ನಂದಾಯ್ತು ಊಟ" ಅನ್ನುವ ದೃಶ್ಯ. ಪುರಿಂಗ್ ಗೊಳೋ ಎಂದು ಅತ್ತಳು. "ಅಯ್ಯೋ, ಅಳಬಾರದು ಪುರಿಂಗಕ್ಕಾ, ಹಿಂಗೆ ನೋಡಿ," ಎಂದು ಅವನೇ ಚಾಪೆಯ ಮೇಲೆ ಕೂತು, ತಟ್ಟೆಯನ್ನು ಮುಂದೆ ತಳ್ಳಿ, ಹೊಟ್ಟೆ ಸವರಿಕೊಂಡು, ದೊಡ್ಡದೊಂದು ಸುಳ್ಳು ತೇಗು ತೇಗಿ ನಕ್ಕ. "ಇದನ್ನ ಯಾರು ಹೇಳ್ಕೊಟ್ರಪ್ಪ?" ಎಂದಳು ಪುರಿಂಗ್ ಮೆಲ್ಲಗೆ. "ನಮ್ಮಮ್ಮ," ಎಂದ ಅವನು. "ದಿನಾ ಹಿಂಗೇ ತೇಗೋಳು. ಅವಳ ಹೊಟ್ಟೆ ತುಂಬಿದೆ ಅಂತ ನಂಬಿ, ನಾವು ಎರಡನೇ ಸಲ ಬಡಿಸ್ಕೋತಿದ್ವಿ."