ದೇರಣ್ಣ ಊಟಕ್ಕೆ ಕರೆದದ್ದು

ದೇರಣ್ಣನ ಸ್ವರದ ವಿಷಯದಲ್ಲಿ ನಾನು ಒಂದು ಕೂದಲೆಳೆಯಷ್ಟೂ ಉತ್ಪ್ರೇಕ್ಷೆ ಮಾಡುವುದಿಲ್ಲ. ಪಂಜದ ಮದುವೆ ಚಪ್ಪರದಲ್ಲಿ ನಿಂತು ಅವನು "ಬನ್ನಿ, ಊಟ ಮಾಡುವ" ಎಂದರೆ ಹತ್ತಾರು ಮೈಲಿ ಆಚೆಯ ನೆಲ್ಯಾಡಿಯಲ್ಲಿ ಯಾರೋ ಎದ್ದು ಕೈ ತೊಳೆಯುತ್ತಿದ್ದರು, ಅಷ್ಟೇ. ಒಮ್ಮೆ ಆಲಂಕಾರಿನ ಒಬ್ಬರು, ಮದುವೆಗೆ ಹೇಳಿಕೆಯೇ ಇಲ್ಲದವರು, ಆ ಸ್ವರ ಕೇಳಿ ದಾಕ್ಷಿಣ್ಯಕ್ಕೆ ಸಿಕ್ಕಿ ಬಸ್ಸು ಹತ್ತಿ ಬಂದು, ಮೂರನೆಯ ಪಂಕ್ತಿಯಲ್ಲಿ ಕುಳಿತು, ಪಾಯಸ ಎರಡು ಸಲ ಹಾಕಿಸಿಕೊಂಡು ಹೋದದ್ದೂ ಉಂಟು.

ನಮ್ಮ ಕಡೆ ಎಲೆ ಹಾಕಿದ ಮಾತ್ರಕ್ಕೆ ಯಾರೂ ಏಳುವುದಿಲ್ಲ. ಹಸಿವಿನಿಂದ ಕಣ್ಣು ಮಂಜಾಗುತ್ತಿದ್ದರೂ ಕುರ್ಚಿಯಲ್ಲಿ ಕುಳಿತು ಚಪ್ಪರದ ಮಾಡು ನೋಡುತ್ತಿರುತ್ತಾರೆ. ಯಾರಾದರೂ ಹತ್ತಿರ ಬಂದು ಕರೆಯಬೇಕು. ಕರೆದರೆ "ಹೋಗುವ, ಎಂತ ಅವಸರ" ಎನ್ನಬೇಕು. ಆಗ ಕರೆದವನು ರಟ್ಟೆ ಹಿಡಿದು ಎಬ್ಬಿಸಬೇಕು. ಮೂವತ್ತೈದು ವರ್ಷ ದೇರಣ್ಣ ಹೀಗೆ ಊರಿನ ರಟ್ಟೆಗಳನ್ನೆಲ್ಲ ಹಿಡಿದು ಎಬ್ಬಿಸಿದ. ಹೊಟ್ಟೆಪಾಡಿಗೆ ಅಡಿಕೆ ಸುಲಿಯುತ್ತಿದ್ದ. ಆದರೆ ಅವನನ್ನು ಕೇಳಿದರೆ ಅಡಿಕೆಯ ಮಾತೇ ಬರುತ್ತಿರಲಿಲ್ಲ.

ಆಮೇಲೆ ಮದುವೆಗಳು ಕಲ್ಯಾಣಮಂಟಪದ ಹಾಲಿಗೆ ಹೋದವು, ಹಾಲಿಗೆ ಬಫೆ ಬಂತು. ಜನ ತಾವೇ ಎದ್ದು, ತಾವೇ ತಟ್ಟೆ ಹಿಡಿದು, ಪಡಿತರದಂಗಡಿಯ ಹಾಗೆ ಸಾಲು ನಿಂತರು. ಕರೆಯುವವನು ಬೇಡವಾದ. ಅವನು ಮದುವೆಯಾಗಿರಲಿಲ್ಲ. ಜೊತೆಗಿದ್ದದ್ದು ಅಕ್ಕ ದಮಯಂತಿ ಒಬ್ಬಳೇ. ನಾಲ್ಕು ವರ್ಷದ ಹಿಂದೆ ಅವಳೂ ತೀರಿಕೊಂಡಳು. ರಸ್ತೆಬದಿಯ ಎರಡು ಕೋಣೆಯ ಮನೆಯಲ್ಲಿ ದೇರಣ್ಣ, ಅವನದೊಂದು ಅಕ್ಕನದೊಂದು ಎಂದು ಎರಡು ಸ್ಟೀಲಿನ ಊಟದ ಬಟ್ಟಲು, ಗೋಡೆಯ ಮೇಲೆ ಅಕ್ಕನ ಪಟ, ಒಂದು ಒಡಕು ಕನ್ನಡಿ, ಒಂಬತ್ತೂ ಮುಕ್ಕಾಲಿಗೆ ನಿಂತ ಒಂದು ಗಡಿಯಾರ ಉಳಿದವು.

ಅಭ್ಯಾಸ ಮಾತ್ರ ಹೋಗಲಿಲ್ಲ. ಮಧ್ಯಾಹ್ನ ಬಟ್ಟಲಿಗೆ ಅನ್ನ ಹಾಕಿಕೊಂಡು, ಬಾಗಿಲಿಗೆ ಬಂದು, ರಸ್ತೆಗೆ ಒಂದು ಸಲ "ಬನ್ನಿ, ಊಟ ಮಾಡುವ" ಎಂದ ಮೇಲೆಯೇ ಅವನ ಕೈ ಅನ್ನಕ್ಕೆ ಹೋಗುತ್ತಿದ್ದದ್ದು. ಕರೆಯದೆ ಉಂಡರೆ ಕದ್ದು ಉಂಡ ಹಾಗೆ. ಸ್ಕೂಟರಿನವರು "ನಿಮ್ಮದಾಗಲಿ" ಎಂದು ಹೋಗುತ್ತಿದ್ದರು. ಲಾರಿಯವರು ಹಾರ್ನ್ ಹಾಕುತ್ತಿದ್ದರು. ನಾಲ್ಕು ವರ್ಷದಲ್ಲಿ ಒಳಗೆ ಬಂದು ಕುಳಿತವರು ಯಾರೂ ಇಲ್ಲ. ಒಬ್ಬರು ಬಂದು ಕೂತರೆ ಸಾಕಿತ್ತು ಎಂದು ಅವನು ಯಾರಲ್ಲಿಯೂ ಹೇಳಲಿಲ್ಲ. ಹೇಳಿದರೆ ಜನ ನಿಜವಾಗಿ ಬಂದುಬಿಟ್ಟಾರು, ಅದು ದಾಕ್ಷಿಣ್ಯದ ಊಟವಾದೀತು ಎಂಬ ಹೆದರಿಕೆ.

ಹೀಗಿರುವಾಗ ಪುತ್ತೂರಿನ ಕಾಲೇಜೊಂದರಿಂದ ಮೂರು ಜನ ಜೀಪಿನಲ್ಲಿ ಬಂದಿಳಿದರು. ಮುಂದಾಳು ಮೋಕ್ಷಿತಾ, ಸುಳ್ಯದ ಹುಡುಗಿ. ಅವಳ ಅಮ್ಮನ ಮದುವೆಯಲ್ಲಿ ಕರೆದವನು ಇದೇ ದೇರಣ್ಣ. ಕ್ಯಾಮೆರಾಕ್ಕೆ ಸುದರ್ಶನ, ಸ್ವರ ಹಿಡಿಯುವ ಯಂತ್ರಕ್ಕೆ ಫರ್ಝಾನಾ.

"ಮಾವ, ನಾವು ಒಂದು ಸೈಕಲಾಜಿಕಲ್ ಥ್ರಿಲ್ಲರ್ ಮಾಡ್ತಾ ಇದ್ದೇವೆ," ಎಂದಳು ಮೋಕ್ಷಿತಾ.

"ಅದೆಂತದು ಮಗಾ?"

"ಹೆದರಿಕೆಯ ಸಿನಿಮಾ. ಆದ್ರೆ ಭೂತ ಗೀತ ಇಲ್ಲ. ಹೆದರಿಕೆ ಎಲ್ಲ ಮನುಷ್ಯನ ತಲೆಯ ಒಳಗೇ ಇರುದು."

"ಇಡೀ ಸಿನಿಮಾ?"

"ಇಲ್ಲ, ಶುರುವಿನ ಎರಡು ನಿಮಿಷ ಮಾತ್ರ. ಪರೀಕ್ಷೆಗೆ ಅಷ್ಟೇ ಸಾಕು."

ಈ ಎರಡು ನಿಮಿಷಕ್ಕಾಗಿ ಅವರು ಮೊಬೈಲಿನಲ್ಲಿ ನೋಡಿದ ಹೊರದೇಶದ ಸಿನಿಮಾಗಳನ್ನು ಒಂದರ ತುದಿಗೆ ಒಂದು ಕಟ್ಟಿದರೆ ಪಂಜದಿಂದ ಪುತ್ತೂರಿಗೆ ಹೋಗಿ ವಾಪಸು ಬರಬಹುದಿತ್ತು. ಅವೆಲ್ಲವುಗಳಲ್ಲಿ ಇದ್ದದ್ದು ಇದರಲ್ಲೂ ಇರಬೇಕೆಂದು ಒಂದು ಪಟ್ಟಿ ತಂದಿದ್ದರು. ಒಂಟಿ ಮನುಷ್ಯ ಬೇಕು. ಒಡಕು ಕನ್ನಡಿ ಬೇಕು. ಟಿಕ್ ಟಿಕ್ ಅನ್ನುವ ಗಡಿಯಾರ, ತೊಟ್ಟಿಕ್ಕುವ ನಲ್ಲಿ, ಮುಖ ಕೆರೆದುಹಾಕಿದ ಒಂದು ಫೋಟೋ. ಮೇಜಿನ ಮೇಲೆ ಎರಡು ತಟ್ಟೆ, ಆದರೆ ಉಣ್ಣುವವನು ಒಬ್ಬನೇ. ಕಣ್ಣು, ಬೆರಳು, ಗಂಟಲು ಎಲ್ಲ ಪರದೆಯ ತುಂಬ ದೊಡ್ಡದಾಗಿ. ಬೆಳಕು ನೀಲಿ.

ಸುದರ್ಶನ ಮನೆಯೊಳಗೆ ಒಂದು ಸುತ್ತು ಹಾಕಿ ಬಂದು, "ಮೋಕ್ಷೀ, ಸೆಟ್ ಹಾಕುವ ಕೆಲಸವೇ ಇಲ್ಲ ಮಾರಾಯ್ತಿ, ಎಲ್ಲ ರೆಡಿ ಉಂಟು!" ಎಂದು ಕುಣಿದ.

ದೇರಣ್ಣನಿಗೆ ಹೆಮ್ಮೆಯಾಯಿತು. ಗಡಿಯಾರ ನಿಂತಿತ್ತು, ಟಿಕ್ ಟಿಕ್ ಆಮೇಲೆ ಸೇರಿಸುವುದೆಂದಾಯಿತು. ನಲ್ಲಿ ಇರಲಿಲ್ಲ, ಕೊಡಪಾನ ಇತ್ತು. ಅದಕ್ಕೆ ಮೊಳೆಯಲ್ಲಿ ತೂತು ಮಾಡಿಕೊಟ್ಟ. ಅಡಿಕೆಯ ಮೇಲೆ ಮುಚ್ಚುವ ನೀಲಿ ಟರ್ಪಾಲನ್ನು ಕಿಟಕಿಗೆ ಕಟ್ಟಿದರು. ಹನ್ನೆರಡು ಗಂಟೆಯ ಬಿಸಿಲಿನಲ್ಲಿ ಮನೆಯೊಳಗೆ ಅಮಾವಾಸ್ಯೆಯಾಯಿತು. ಕೋಳಿಗಳು ಗೂಡಿಗೆ ಹೋಗಿ ಮಲಗಿದವು.

ಫೋಟೋದ ಸರದಿ ಬಂದಾಗ ಸುದರ್ಶನ ಬ್ಲೇಡು ಹಿಡಿದು ದಮಯಂತಿಯ ಪಟದ ಕೆಳಗೆ ನಿಂತ. "ಇದರ ಮುಖ ಸ್ವಲ್ಪ ಕೆರೆಯಬಹುದಾ?"

ದೇರಣ್ಣ ಒಳಗೆ ಹೋಗಿ ಟ್ರಂಕಿನಿಂದ ತನ್ನದೇ ಒಂದು ಫೋಟೋ ತಂದ. ಯಾವುದೋ ಮದುವೆಯಲ್ಲಿ ಯಾರೋ ತೆಗೆದದ್ದು, ಬಾಯಿ ತೆರೆದು ಕರೆಯುತ್ತಿರುವುದು. "ಇದನ್ನು ಕೆರೆಯಿರಿ. ಇದನ್ನು ನೋಡುವವರು ಯಾರೂ ಇಲ್ಲ."

ಮಕ್ಕಳು ಬರುವ ಸುದ್ದಿ ಮೊದಲೇ ಇದ್ದುದರಿಂದ ಬೆಳಿಗ್ಗೆಯೇ ಅವನು ಐದು ಸೇರು ಅಕ್ಕಿ ಬೇಯಿಸಿದ್ದ. ಜೀಪಿನಲ್ಲಿ ಮೂವರು ಇದ್ದರು, ಆದರೆ ಕರೆಯುವವನ ಲೆಕ್ಕಾಚಾರ ಬೇರೆ. ಸೌತೆಕಾಯಿ ಸಾಂಬಾರು, ಹಲಸಿನ ಬೀಜದ ಪಲ್ಯ, ಮಾವಿನಮಿಡಿ ಉಪ್ಪಿನಕಾಯಿ. ಅನ್ನದ ಪಾತ್ರೆ ನೋಡಿ ಮೋಕ್ಷಿತಾ, "ಅಬ್ಬ, ಇದು ಶಾಟ್‌ನಲ್ಲಿ ಚಂದ ಕಾಣ್ತದೆ. ಯಾರೂ ಮುಟ್ಟಬೇಡಿ!" ಎಂದಳು. ಅಲ್ಲಿಗೆ ಅನ್ನ ಸಿನಿಮಾದ ಸಾಮಾನಾಯಿತು. ಮಕ್ಕಳು ಜೀಪಿನಲ್ಲಿ ಕುಳಿತು ಬೇಕರಿಯ ಪಫ್ಸ್ ತಿಂದರು.

"ಮಾವ, ನೀವು ಎರಡು ಬಟ್ಟಲು ಇಟ್ಟುಕೊಂಡು ಒಬ್ಬರೇ ಊಟ ಮಾಡುದು. ನಾವು ಯಾರೂ ಇಲ್ಲಿ ಇಲ್ಲ ಅಂತ ಗ್ರಹಿಸಿ."

"ಅದಕ್ಕೆಂತ, ಅದು ದಿನಾ ಮಾಡುದೇ."

ಆದರೆ ಆಗಲಿಲ್ಲ. ಕ್ಯಾಮೆರಾ ಓಡಿತು, ದೇರಣ್ಣ ಅನ್ನ ಕಲಸಿದ, ತುತ್ತು ಎತ್ತಿದ, ಎದುರಿಗೆ ಮೂರು ಹಸಿದ ಮುಖ ಕಂಡಿತು. ಕೈ ಅಲ್ಲೇ ನಿಂತಿತು. "ಬನ್ನಿ, ಊಟ ಮಾಡುವ."

"ಕಟ್! ಮಾವ, ಕ್ಯಾಮೆರಾ ನೋಡುದಲ್ಲ. ಮಾತೂ ಇಲ್ಲ."

ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಬಾಯಿ ಬಿಗಿಹಿಡಿದ, ಅದು ಮೂಗಿನಿಂದ ಬಂತು. ಅರುವತ್ತನೆಯ ಸಲಕ್ಕೆ ಕ್ಯಾಮೆರಾದ ಬ್ಯಾಟರಿ ಸತ್ತಿತು. ಹದಿನಾಲ್ಕು ಎಂದು ಫರ್ಝಾನಾ ಬರೆದಿಟ್ಟಿದ್ದಾಳೆ, ಅವಳು ಎಣಿಸಲು ಶುರುಮಾಡಿದ್ದು ತಡವಾಗಿ.

"ಮಾವ, ಒಂದು ಸಲ ಕರೆಯದೆ ಉಣ್ಣಿ ಅಂತ ಹೇಳಿದ್ರೆ ಎಂತ ಕಷ್ಟ ನಿಮಗೆ?" ಸುದರ್ಶನ ಹಣೆ ಬಡಿದುಕೊಂಡ.

"ನೀವು ಒಂದು ಸಲ ಬಂದು ಕೂತ್ರೆ ಎಂತ ಕಷ್ಟ ನಿಮಗೆ?" ಎಂದು ದೇರಣ್ಣ ಕೇಳಿದ, ಆದರೆ ನಗುತ್ತಾ ಕೇಳಿದ್ದರಿಂದ ಅದನ್ನು ಎಲ್ಲರೂ ತಮಾಷೆ ಎಂದುಕೊಂಡರು. ಕತ್ತಲಾಗುವ ಮೊದಲು ಪುತ್ತೂರು ಮುಟ್ಟಬೇಕಿತ್ತು. ಜೀಪು ಹೋಯಿತು. ಮುಂದೆ ಬೇಕಾದೀತೆಂದು ಸಾಮಾನಿನ ಜೊತೆ ಅಕ್ಕನ ಬಟ್ಟಲೂ ಹೋಯಿತು. ಐದು ಸೇರಿನ ಅನ್ನವನ್ನು ದೇರಣ್ಣ ನೀರು ಹಾಕಿಟ್ಟು ಮೂರು ದಿನ ಉಂಡ.

ಕೆಟ್ಟುಹೋದ ಶಾಟುಗಳ ತುಂಡುಗಳನ್ನು ಅತ್ತಿತ್ತ ಜೋಡಿಸುವಾಗ ಮೋಕ್ಷಿತಾಳಿಗೆ ಗೊತ್ತಾಯಿತು, ಪಟ್ಟಿಯಲ್ಲಿ ಇಲ್ಲದ್ದೇ ಎಲ್ಲಕ್ಕಿಂತ ಹೆದರಿಸುತ್ತದೆ ಎಂದು. ಗಡಿಯಾರ, ಕನ್ನಡಿ, ತೊಟ್ಟಿಕ್ಕುವ ನೀರು, ಕೆರೆದ ಮುಖ, ಎರಡು ಬಟ್ಟಲು. ಆಮೇಲೆ ಆ ಒಂಟಿ ಮನುಷ್ಯ ನಿಧಾನ ತಲೆ ಎತ್ತಿ ಸೀದಾ ನಮ್ಮನ್ನು ನೋಡಿ, "ಬನ್ನಿ, ಊಟ ಮಾಡುವ" ಎನ್ನುತ್ತಾನೆ. ಪರದೆ ಕಪ್ಪು.

ಕಾಲೇಜಿನಲ್ಲಿ ತೋರಿಸುವ ದಿನ ದೇರಣ್ಣ ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ಎದುರಿನ ಸಾಲಿನಲ್ಲಿ ಕುಳಿತಿದ್ದ. ಆ ಮಾತು ಬಂದಾಗ ಸಭೆಗೆ ಸಭೆಯೇ ಕಿರುಚಿತು. ಎದುರಿನವರು ಹಿಂದಕ್ಕೆ ವಾಲಿದರು, ಹಿಂದಿನವರು ಕುರ್ಚಿ ಸಮೇತ ಗೋಡೆಗೆ ಹೋದರು. "ಎರಡನೆಯ ತಟ್ಟೆ ನೋಡುಗನದು, ಅದೇ ಭಯಾನಕ," ಎಂದು ಮೇಷ್ಟ್ರು ಹೊಗಳಿದರು. ಚಪ್ಪಾಳೆ ಬಿತ್ತು. ದೇರಣ್ಣನೂ ತಟ್ಟಿದ. ಅವನು ಕರೆದಾಗ ಪಂಕ್ತಿಗೆ ಪಂಕ್ತಿಯೇ ಹಿಂದೆ ಸರಿದದ್ದು ಜೀವಮಾನದಲ್ಲಿ ಅದೇ ಮೊದಲು.

ಆ ಎರಡು ನಿಮಿಷದ ಸಿನಿಮಾ ವಾಟ್ಸಾಪಿನಲ್ಲಿ ಪಂಜಕ್ಕೂ ಬಂತು. ದೇರಣ್ಣ ಬೀಡಿಗೆ ಬಂದಾಗಲೆಲ್ಲ ಅಂಗಡಿಯ ಕುಕ್ಕಪ್ಪ ತಮಾಷೆ ಶುರುಮಾಡಿದ. "ಅಯ್ಯೋ ದೇರಣ್ಣ ಬಂದ, ಓಡಿ ಮಾರಾಯ್ರೆ, ಊಟಕ್ಕೆ ಕರೀತಾನೆ!"

"ನಿನ್ನನ್ನು ಕರೆಯುದಿಲ್ಲ ಕುಕ್ಕಪ್ಪ, ನೀನು ತಿಂದ್ರೆ ನನಗೆ ಉಳಿಯುದಿಲ್ಲ," ಎಂದು ದೇರಣ್ಣನೂ ನಕ್ಕ. ಆದರೆ ಆ ಮಧ್ಯಾಹ್ನ ಬಾಗಿಲಿಗೆ ಬಂದವನಿಗೆ ಸ್ವರ ಏಳಲಿಲ್ಲ. ಒಳಗೆ ಹೋಗಿ ಗೋಡೆಗೆ ಮುಖ ಮಾಡಿ, ಕರೆಯದೆ ಉಂಡ. ಮರುದಿನವೂ ಕರೆಯಲಿಲ್ಲ.

ತಿಂಗಳ ಮೇಲೆ ಮೋಕ್ಷಿತಾ ಬಸ್ಸಿನಲ್ಲಿ ಒಬ್ಬಳೇ ಬಂದಳು. ದೇರಣ್ಣ ಬೆಲ್ಲ, ನೀರು ಕೊಟ್ಟ. ಅವಳು ಚೀಲದಿಂದ ಪೇಪರು ಸುತ್ತಿದ ಅಕ್ಕನ ಬಟ್ಟಲು ತೆಗೆದಿಟ್ಟಳು, ಜೊತೆಗೆ ಫರ್ಝಾನಾಳ ಯಂತ್ರವನ್ನೂ.

"ಮಾವ, ನಮ್ಮದು ಸ್ಪರ್ಧೆಗೆ ಹೋಗ್ತದೆ. ಆ ಒಂದು ಮಾತಿನ ಹಿಂದೆ ಕೋಳಿ ಕೂಗಿದೆ. ಇನ್ನೊಂದು ಸಲ ಹೇಳಿ, ಮೂರೂವರೆಯ ಬಸ್ಸಿಗೆ ಹೋಗ್ತೇನೆ."

ದೇರಣ್ಣ ಯಂತ್ರವನ್ನು ಅವಳ ಕಡೆಗೆ ಸರಿಸಿದ. "ಅದು ಈಗ ಬರುದಿಲ್ಲ ಮಗಾ."

"ಮೂರು ಶಬ್ದ ಮಾವ!"

"ಶಬ್ದ ಬರ್ತದೆ. ಕರೆಯಲಿಕ್ಕೆ ಬರುದಿಲ್ಲ. ಕರೆದ್ರೆ ಜನ ಹೆದರುದು ಅಂತ ಗೊತ್ತಾದ ಮೇಲೆ ಹೇಗೆ ಕರೆಯುದು?"

ಮೋಕ್ಷಿತಾ ಓಡುತ್ತಿದ್ದ ಯಂತ್ರವನ್ನು ಅಲ್ಲೇ ನೆಲಕ್ಕಿಟ್ಟಳು. ಅಷ್ಟೂ ಸಲ ಅವನು ಕರೆದಾಗ ಎದುರಿಗೆ ತಾನೇ ನಿಂತಿದ್ದದ್ದು, ಕೂರದೇ ಹೋದದ್ದು ಅವಳಿಗೆ ಈಗ ನೆನಪಾಗಿರಬೇಕು. ಎದ್ದು, ಜಗಲಿಗೆ ಹೋಗಿ, ಮದುವೆಮನೆಯ ನೆಂಟರ ಹಾಗೆ ಮಾಡು ನೋಡುತ್ತಾ ಕುಳಿತಳು. "ನನಗೆ ಹಸಿವಾಗ್ತದೆ ಮಾವ. ಕರೆಯದೆ ಏಳುದಿಲ್ಲ ನಾನು."

ದೇರಣ್ಣ ಎರಡು ಬಟ್ಟಲಿಗೂ ಬಡಿಸಿ ಬಾಗಿಲಿಗೆ ಬಂದ. "ಬನ್ನಿ, ಊಟ ಮಾಡುವ!"

ಮಾಡಿನಿಂದ ಎರಡು ಹಂಚು ಜಾರಿತು. ಯಂತ್ರದ ಮುಳ್ಳು ಕೆಂಪಿಗೆ ಹೋಗಿ ಅಲ್ಲೇ ಸಿಕ್ಕಿಕೊಂಡಿತು. "ಹೋಗುವ, ಎಂತ ಅವಸರ," ಎಂದಳು ಮೋಕ್ಷಿತಾ. ಅವನು ರಟ್ಟೆ ಹಿಡಿದು ಎಬ್ಬಿಸಿದ. ಎರಡು ಸಲ ಅನ್ನ ಹಾಕಿಸಿಕೊಂಡಳು, ಮೂರೂವರೆಯ ಬಸ್ಸು ತಪ್ಪಿತು. ಯಂತ್ರ ಹಿಡಿದದ್ದನ್ನು ಕಿವಿಗೆ ವಯರು ಸಿಕ್ಕಿಸಿ ಕೇಳಿ ನೋಡಿದರೆ ಅದು ಮದುವೆ ಚಪ್ಪರದ ಸ್ವರ. ಅದರಿಂದ ಒಂದು ಇರುವೆಯೂ ಹೆದರುವಂತಿರಲಿಲ್ಲ.

"ಇದು ಆಗುದಿಲ್ಲ ಅಲ್ವಾ?" ಎಂದು ದೇರಣ್ಣ ಕೇಳಿದ.

"ಪರವಾಗಿಲ್ಲ ಮಾವ. ಕೋಳಿ ಇರ್ಲಿ," ಎಂದು ಅವಳು ಐದು ಗಂಟೆಯ ಬಸ್ಸು ಹತ್ತಿದಳು.

ಮರುದಿನ ಮಧ್ಯಾಹ್ನ ದೇರಣ್ಣ ಮೈಮರೆತವನ ಹಾಗೆ ಎರಡು ಬಟ್ಟಲಿಗೂ ಬಡಿಸಿದ. ನೆನಪಾಗಿ, ಒಂದರದ್ದನ್ನು ವಾಪಸು ಪಾತ್ರೆಗೆ ಹಾಕಿದ. ಬಾಗಿಲಿಗೆ ಬಂದ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಆದರೂ ಕರೆದ, ಮೆಲ್ಲಗೆ. ಮೋಕ್ಷಿತಾಳಿಗೆ ಬೇಕಾಗಿದ್ದದ್ದು ಸರಿಯಾಗಿ ಆ ಸ್ವರವೇ. ಕೋಳಿಯೂ ಸುಮ್ಮನಿತ್ತು. ಯಂತ್ರ ಮಾತ್ರ ಹಿಂದಿನ ದಿನದ ಐದು ಗಂಟೆಯ ಬಸ್ಸಿನಲ್ಲಿ ಹೋಗಿಯಾಗಿತ್ತು.