ಚುಕ್ಕಿ ಇವೆ, ಜೋಪಾನ

ತೊಂಬತ್ತರ ದಶಕದ ಶುರುವಿನಲ್ಲಿ, ದೊಡ್ಡಬಳ್ಳಾಪುರದ ನಮ್ಮ ಚಿಕ್ಕಪ್ಪನ ಫೋಟೋ ಸ್ಟುಡಿಯೋದ ಕತ್ತಲೆಕೋಣೆ ನನ್ನ ಕೈಯಲ್ಲಿತ್ತು. ಹೊರಗೆ ಮೇಜಿನ ಮುಂದೆ ಚಿಕ್ಕಪ್ಪ ಬ್ಲೇಡಿನ ತುದಿಯಿಂದ ನೆಗೆಟಿವ್ ಕೆರೆದು ಫೋಟೋಗಳ ಬಿಳಿ ಕಲೆ ತೆಗೆಯುತ್ತಿದ್ದರು. ಕವರಿನ ಮೇಲೆ 'ಚುಕ್ಕಿ ಇದೆ' ಎಂದು ಬರೆದಿದ್ದರೆ, ತೆಗೆಯಬೇಕು ಎಂದರ್ಥ.

ನನ್ನ ಕೆನ್ನೆಯ ಮೇಲೆ ತೊನ್ನಿನ ನಾಲ್ಕು ಬಿಳಿ ಚುಕ್ಕಿಗಳಿದ್ದವು. ಗಂಡಿನ ಕಡೆಯವರಿಗೆ ಕಳಿಸಿದ ಫೋಟೋದಲ್ಲಿ ಇರಲಿಲ್ಲ. ಕುಂದಾಣದಿಂದ ನನ್ನನ್ನು ನೋಡಲು ಬಂದ ಹುಡುಗನ ತಾಯಿ ಉಪ್ಪಿಟ್ಟು ತಿಂದು, ಕೈ ತೊಳೆದು, "ಫೋಟೋದಲ್ಲಿರೋ ಹುಡ್ಗಿ ಎಲ್ಲಮ್ಮಾ?" ಎಂದಳು. ಥೂ! ಆ ಮಾತು ಇವತ್ತಿಗೂ ಕಿವಿಯಲ್ಲೇ ಇದೆ.

ಆಮೇಲೆ ನನ್ನ ಹಟವೆಲ್ಲ ಆಕಾಶದ ಕಡೆ ತಿರುಗಿತು. ಎರಡು ಹಲಗೆಗೆ ಕೀಲು ಜೋಡಿಸಿ, ಬೋಲ್ಟು ಹಾಕಿ, ಮೇಲೆ ಚಿಕ್ಕಪ್ಪನ ಕ್ಯಾಮೆರಾ ಕೂರಿಸಿದೆ. ಬೋಲ್ಟನ್ನು ನಿಧಾನಕ್ಕೆ ತಿರುಗಿಸಿದರೆ ಕ್ಯಾಮೆರಾ ನಕ್ಷತ್ರಗಳ ಜೊತೆಗೇ ಸರಿಯುತ್ತದೆ, ಶಟರ್ ಎಷ್ಟು ಹೊತ್ತು ತೆರೆದಿಟ್ಟರೂ ಚುಕ್ಕಿ ಗೀರಾಗುವುದಿಲ್ಲ. ಆದರೆ ಕೆಳಗೆ ಪವರ್‌ಲೂಮ್ ಓಡಿದರೆ ನಮ್ಮ ತಾರಸಿಯೇ ನಡುಗುತ್ತಿತ್ತು. ಅಮಾವಾಸ್ಯೆಗೆ ಮಾತ್ರ ನಮ್ಮ ಮಗ್ಗಗಳಿಗೆ ರಜ. ಮೂರು ಅಮಾವಾಸ್ಯೆಯನ್ನು ಮೋಡ ಹಾಳುಮಾಡಿತು. ನಾಲ್ಕನೆಯದಕ್ಕೆ ಮೃಗಶಿರದ ಒಂದೇ ಒಂದು ನೆಗೆಟಿವ್ ದಕ್ಕಿತು.

ಮೊದಲ ಪ್ರಿಂಟು ಬರೀ ಬೂದು. ಕಾಂಟ್ರಾಸ್ಟ್ ಹೆಚ್ಚಿರುವ ಪೇಪರ್ ತುಂಡು ಹಾಕಿ, ಡೆವಲಪರಿನಲ್ಲಿ ಹೊತ್ತು ಎಳೆದೆ, ಇನ್ನೂ ಎಳೆದೆ. ಕೆಂಪು ದೀಪದ ಕೆಳಗೆ ಆಕಾಶ ಕಪ್ಪಾಗುತ್ತ, ನಕ್ಷತ್ರಗಳು ಎದ್ದುಬಂದವು. ನಡುವೆ ವಿಭೂತಿ ಒರೆಸಿದಷ್ಟು ನೀಹಾರಿಕೆ! ಒಬ್ಬಳೇ ನಿಂತು ಅತ್ತುಬಿಟ್ಟೆ. ಪರೀಕ್ಷೆಯ ತುಂಡು ತಾನೇ ಎಂದು, ಚಿತ್ರವನ್ನು ಖಾಯಂ ಮಾಡುವ ಫಿಕ್ಸರ್‌ಗೆ ಹಾಕಲಿಲ್ಲ. ಬೆಳಕಿಗೆ ತಂದದ್ದೇ ಕರಿಯಾಯಿತು.

ದೊಡ್ಡ ಪೇಪರ್ ಬರುವವರೆಗೆ ಧೂಳು ಕೂರದಿರಲಿ ಎಂದು ನೆಗೆಟಿವನ್ನು ಚಿಕ್ಕಪ್ಪನ ಡ್ರಾಯರಿನಲ್ಲಿಟ್ಟೆ. ಕವರಿನ ಮೇಲೆ ಬರೆದೆ: 'ಚುಕ್ಕಿ ಇವೆ, ಜೋಪಾನ.' ನನ್ನ ಬುದ್ಧಿಗಿಷ್ಟು ಮಣ್ಣು ಹಾಕ.

ಎರಡು ದಿನ ಬಿಟ್ಟು ಚಿಕ್ಕಪ್ಪನೇ ಕರೆದು ನೆಗೆಟಿವ್ ಕೊಟ್ಟರು. "ಕಣ್ಣು ಕಿತ್ಕೊಂಡ್ಬಂತು ಕಣಮ್ಮ. ಅದೆಷ್ಟು ಚುಕ್ಕಿ! ಒಂದೂ ಬಿಟ್ಟಿಲ್ಲ, ನೋಡು."

ಬೆಳಕಿಗೆ ಹಿಡಿದೆ. ನಕ್ಷತ್ರ ಇದ್ದಲ್ಲೆಲ್ಲ ಬ್ಲೇಡಿನ ಗೀರು. ನೀಹಾರಿಕೆಯನ್ನೂ ಕಲೆಯೆಂದು ಕೆರೆದು ತೆಗೆದಿದ್ದರು.

"ಅವು ನಕ್ಷತ್ರ, ಚಿಕ್ಕಪ್ಪ. ಆಕಾಶದ್ದು."

"ಅಯ್ಯೋ, ನಂಗೇನ್ ಗೊತ್ತು? ಚುಕ್ಕಿ ಇದ್ರೆ ಯಾರಮ್ಮ ಒಪ್ತಾರೆ?"

ದಿನಾ ಗಿರಾಕಿಗಳಿಗೆ ಹೇಳುತ್ತಿದ್ದ ಮಾತು ಅದು. ಹೇಳಿದ ಮೇಲೆ ನನ್ನ ಕೆನ್ನೆ ಕಂಡಿತೇನೋ, ತಲೆ ತಗ್ಗಿಸಿದರು.

"ಯಾರೂ ಒಪ್ಪದಿದ್ರೆ ಬೇಡ," ಎಂದೆ. "ನಾನು ಒಪ್ಪಿದ್ದೆ."